ದೀಪ ಎಷ್ಟು ಅಡಿ ದೂರ? ಜಗಳೂರು ಹುಡುಗನ ಫೋಟೋ ಕತೆ!

ಬೆಳ್ಳಿತೆರೆಯ ಮೇಲೆ ಮೆಚ್ಚಿನ ನಾಯಕನ ಕ್ಲೋಸಪ್ ಬಂದರೆ ಮುಂದಿನ ಬೆಂಚಿನಿಂದ ಶಿಳ್ಳೆ ಹಾರುತ್ತೆ, ಚಿಲ್ಲರೆ ಕಾಸು ತೂರಿ ಬರುತ್ತೆ. ಸರಿ. ಆದರೆ ಆ ಮುಖದ ಮೇಲೆ ಬಿದ್ದಿರೋ ಬೆಳಕಿಗೆ ಯಾರಾದರೂ ಶಿಳ್ಳೆ ಹಾಕಿದ್ದು ಕೇಳಿದ್ದೀರಾ? ನಾನಂತೂ ಕೇಳಿಲ್ಲ. ಆ ದೀಪ ಎಷ್ಟು ಅಡಿ ದೂರದಲ್ಲಿತ್ತು ಅನ್ನೋದರ ಮೇಲೆ ಒಬ್ಬನ ಮುಖ, ಕೆಲವು ಸಲ ಒಬ್ಬನ ಮದುವೆಯೂ ನಿಂತಿರುತ್ತೆ ಅಂದರೆ ನಗಬೇಡಿ ಮಿತ್ರರೇ. ನನ್ನದು ನಿಂತಿತ್ತು!

ರಾಮಾಚಾರಿ ಆಗಹೊರಟ ಹುಡುಗ

ನಮ್ಮೂರು ಜಗಳೂರು. ಈಗ ದಾವಣಗೆರೆ ಜಿಲ್ಲೆ, 1997ಕ್ಕೆ ಮುಂಚೆ ಚಿತ್ರದುರ್ಗ ಜಿಲ್ಲೆ. ಮಳೆ ಕಮ್ಮಿ, ಬಿಸಿಲು ಜಾಸ್ತಿ. 1972ರಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಬಂತು ನೋಡಿ, ನಮ್ಮ ಜಿಲ್ಲೆಯ ಹುಡುಗರ ತಲೆಯೇ ಕೆಟ್ಟುಹೋಯಿತು. ನಮ್ಮ ದುರ್ಗದ ಕೋಟೆ, ನಮ್ಮ ಬಂಡೆ, ಅದರ ಮೇಲೆ ಹೊಸ ಹುಡುಗ ವಿಷ್ಣುವರ್ಧನ್! ನನಗಾಗ ಹದಿನಾಲ್ಕು ವರ್ಷ. ಮಾರನೇ ದಿನದಿಂದ ನಾನೂ ಕೂದಲು ಹಣೆ ಮೇಲೆ ಬಿಟ್ಟುಕೊಂಡು, ಕಣ್ಣು ಕೆಂಪಗೆ ಮಾಡಿಕೊಂಡು ತಿರುಗತೊಡಗಿದೆ.

ಒಂದೇ ಒಂದು ಅಡ್ಡಿ ಇತ್ತು. ಆರನೇ ವಯಸ್ಸಿನಲ್ಲಿ ನನಗೆ ಸಿಡುಬು ಬಂದಿತ್ತು. ನಮ್ಮ ಕಡೆ ‘ಅಮ್ಮ’ ಅಂತಾರೆ. 1975ರ ಹೊತ್ತಿಗೆ ಈ ದೇಶ ಬಿಟ್ಟೇ ಹೋದ ಆ ಕಾಯಿಲೆ ನನ್ನ ಎರಡೂ ಕೆನ್ನೆ ಮೇಲೆ ತನ್ನ ಗುರುತು ಬಿಟ್ಟು ಹೋಗಿತ್ತು. ಕುಳಿ ಕುಳಿ. ನೇರ ನಿಂತು ಮಾತಾಡಿದರೆ ಅಷ್ಟೇನೂ ಕಾಣುತ್ತಿರಲಿಲ್ಲ. ಪಕ್ಕದಿಂದ ಬಿಸಿಲು ಬಿತ್ತೋ, ಅಯ್ಯೋ, ಮಳೆಯಿಲ್ಲದ ಕೆರೆ ಅಂಗಳದಂತೆ ಕಾಣುತ್ತಿತ್ತು!

1979ರಲ್ಲಿ ‘ಹೊಸ ಮುಖಗಳು ಬೇಕಾಗಿವೆ’ ಅಂತ ಒಂದು ಜಾಹೀರಾತು ನೋಡಿದೆ. ಫೋಟೋ ಕಳಿಸಬೇಕಿತ್ತು. ಅದೇ ಹೊತ್ತಿಗೆ ನಮ್ಮವ್ವ ಹೆಣ್ಣು ಹುಡುಕಲು ಶುರು ಮಾಡಿದ್ದಳು. ಅಲ್ಲಿಗೂ ಫೋಟೋ ಬೇಕಿತ್ತು. ಒಂದು ಫೋಟೋ, ಎರಡು ಕೆಲಸ ಅಂದುಕೊಂಡು ಒಂದು ಸ್ಟುಡಿಯೋಕ್ಕೆ ಹೋದೆ. ಅದರ ಹೆಸರು ಬೇಡ, ಊರೂ ಬೇಡ.

ಅಲ್ಲಿ ಹಿಂದೆ ವಿಧಾನಸೌಧ ಬರೆದ ಪರದೆ. ಮುಂದೆ ಸ್ಟೂಲು. ಎಂಟು ಅಡಿ ದೂರದಲ್ಲಿ, ಪಕ್ಕಕ್ಕೆ, ಅಂಗೈಯಗಲದ ತಗಡಿನ ಬುಟ್ಟಿಯೊಳಗೆ ಒಂದು ದೊಡ್ಡ ಬಲ್ಬು. ‘ನಗು’ ಅಂದರು, ನಕ್ಕೆ. ಒಂದು ವಾರದ ಮೇಲೆ ಫೋಟೋ ಕೈಗೆ ಬಂದಾಗ ನನಗೇ ಗಾಬರಿ. ಕೆನ್ನೆ ಮೇಲೆ ಒಂದು ಕುಳಿಯೂ ಇಲ್ಲ! ಬೆಣ್ಣೆಯ ಮುದ್ದೆ!

ಮರ್ಮ ಏನು ಅಂತ ಆಮೇಲೆ ತಿಳಿಯಿತು. ಆ ಬೆಳಕಿಗೆ ಒಂದೊಂದು ಕುಳಿಯೂ ಬಾವಿಯ ಹಾಗೆ ಬಿದ್ದಿತ್ತಂತೆ. ನೆಗೆಟಿವ್‌ನಲ್ಲಿ ನೆರಳು ಬಿದ್ದ ಜಾಗ ತೆಳ್ಳಗಿರುತ್ತೆ. ಅಲ್ಲಿ ಚೂಪಾದ ಪೆನ್ಸಿಲ್‌ನಿಂದ ತೀಡಿ ತುಂಬಿದರೆ ಪ್ರಿಂಟಿನಲ್ಲಿ ಬೆಳ್ಳಗಾಗುತ್ತೆ. ಆ ಪುಣ್ಯಾತ್ಮ ಕೂತು ನನ್ನ ಇಡೀ ಮುಖವನ್ನೇ ತುಂಬಿಬಿಟ್ಟಿದ್ದ. ನಾನು ಹಿಗ್ಗಿದೆ. ಒಂದು ಪ್ರತಿ ಕಂಪನಿಗೆ ಹೋಯಿತು, ಒಂದು ಹೆಣ್ಣಿನ ಮನೆಗೆ.

ಹೆಣ್ಣಿನವರು ಬರಹೇಳಿದರು. ಹೋದೆವು. ಚಾಪೆ ಹಾಸಿ, ಉಪ್ಪಿಟ್ಟು ಕೊಟ್ಟರು. ಆ ಮನೆಯ ಹಿರಿಯರು ಫೋಟೋ ನೋಡಿದರು, ನನ್ನ ನೋಡಿದರು, ಮತ್ತೆ ಫೋಟೋ ನೋಡಿದರು. ತುಂಬ ಮರ್ಯಾದೆಯಿಂದಲೇ ಕೇಳಿದರು:

“ಫೋಟೋದಾಗಿರೋ ಹುಡುಗ ಬರಲಿಲ್ಲೇನ್ರಿ? ನೀವು ಅವರ ಅಣ್ಣಾರಾ?”

ಉಪ್ಪಿಟ್ಟು ಗಂಟಲಲ್ಲೇ ನಿಂತಿತು. ವಾಪಸ್ ಬರುವಾಗ ಬಸ್ಸಿನಲ್ಲಿ ಜಗಳೂರು ಮುಟ್ಟೋತನಕ ನಮ್ಮವ್ವ ಒಂದು ಮಾತೂ ಆಡಲಿಲ್ಲ.

ಗಂಟಿನ ಹಗ್ಗದ ಮಾಸ್ತರು

ದಾವಣಗೆರೆಯಲ್ಲಿದ್ದ ನಮ್ಮ ಸೋದರಮಾವ ಸುದ್ದಿ ಕೇಳಿ, ತನಗೆ ಪರಿಚಯವಿದ್ದ ಒಬ್ಬ ಫೋಟೋ ಮಾಸ್ತರ ಹತ್ತಿರ ಕರೆದುಕೊಂಡು ಹೋದ. ವಯಸ್ಸಾದ ಮನುಷ್ಯ. ಪೆನ್ಸಿಲ್ ಫೋಟೋ ನೋಡಿ ಪಕ್ಕಕ್ಕಿಟ್ಟು, ಗೋಡೆಯ ಮೊಳೆಯಿಂದ ಒಂದು ಹಗ್ಗ ತೆಗೆದರು. ಅಡಿಗೊಂದು ಗಂಟು ಹಾಕಿದ ಹಗ್ಗ.

“ತಮ್ಮಾ, ಮುಖ ತಿದ್ದಬಾರದು. ದೀಪ ತಿದ್ದಬೇಕು,” ಅಂದರು.

ಆವತ್ತು ಅವರು ಹೇಳಿಕೊಟ್ಟಿದ್ದೇ ನನ್ನ ಜೀವನದ ಕಸುಬಾಯಿತು. ಕೇಳಿ.

ಒಂದು ಬಲ್ಬು ಇದೆ. ಒಂದು ಗಂಟಿನ ದೂರದಲ್ಲಿ ಅದರ ಬೆಳಕು ಒಂದು ಕರ್ಚೀಫಿನಷ್ಟು ಜಾಗಕ್ಕೆ ಬಿತ್ತು ಅನ್ನಿ. ಅದೇ ಬೆಳಕು ಎರಡನೇ ಗಂಟಿಗೆ ಹೋಗೋ ಹೊತ್ತಿಗೆ ಅಗಲಕ್ಕೂ ಎರಡರಷ್ಟು, ಎತ್ತರಕ್ಕೂ ಎರಡರಷ್ಟು ಹರಡಿರುತ್ತೆ. ಅಂದರೆ ನಾಲ್ಕು ಕರ್ಚೀಫು! ಒಂದೊಂದಕ್ಕೂ ಸಿಕ್ಕೋದು ಕಾಲು ಪಾಲು. ಮೂರನೇ ಗಂಟಿನಲ್ಲಿ ಒಂಬತ್ತರಲ್ಲಿ ಒಂದು ಪಾಲು. ನಾನು ಬಾಯಿ ಬಿಟ್ಟುಕೊಂಡು ನಿಂತದ್ದು ನೋಡಿ ಮಾಸ್ತರು ನಕ್ಕರು:

“ಬೆಣ್ಣೆದೋಸೆ ತಿಂದೀಯಿಲ್ಲೋ? ಒಂದು ದೋಸೆಗೆ ಹಾಕೋ ಬೆಣ್ಣೀನ ನಾಕು ದೋಸೆಗೆ ಹಚ್ಚಿದರೆ ಹೆಂಗಿರ್ತೈತಿ? ಹಂಗ!”

ದಾವಣಗೆರೆಯಲ್ಲಿ ನಿಂತವನಿಗೆ ಇದಕ್ಕಿಂತ ಚೆನ್ನಾಗಿ ಯಾರು ಹೇಳಿಯಾರು? ದೀಪವನ್ನು ಮೂರು ಅಡಿಯಿಂದ ಆರು ಅಡಿಗೆ ಸರಿಸಿದರೆ ಬೆಳಕು ಅರ್ಧವಾಗೋದಿಲ್ಲ, ಕಾಲಾಗುತ್ತೆ. ಕ್ಯಾಮೆರಾದಲ್ಲಿ ಎಫ್ 8 ಇದ್ದದ್ದನ್ನು ಎಫ್ 4ಕ್ಕೆ ತೆರೆಯಬೇಕು.

ಮೂಗಿನಿಂದ ಕಿವಿಗೆ, ಕಿವಿಯಿಂದ ಗೋಡೆಗೆ

‘ಸರಿ, ಬೆಳಕು ಕಮ್ಮಿ ಆದರೆ ಕ್ಯಾಮೆರಾ ಕಣ್ಣು ಅಗಲಿಸಿದರಾಯ್ತು, ಮುಖಕ್ಕೇನು ವ್ಯತ್ಯಾಸ?’ ಅಂತ ನೀವು ಕೇಳಬಹುದು. ನಾನೂ ಕೇಳಿದೆ. ಅಲ್ಲೇ ಇರೋದು ಆಟ!

ನಿಮ್ಮ ಒಂದು ಕೆನ್ನೆ ದೀಪಕ್ಕೆ ಹತ್ತಿರ, ಆ ಕಡೆಯ ಕಿವಿ ಅರ್ಧ ಅಡಿ ಹಿಂದೆ. ದೀಪ ಕೆನ್ನೆಯಿಂದ ಒಂದೇ ಅಡಿಯಲ್ಲಿದ್ದರೆ, ಕೆನ್ನೆಗೆ 100 ಪಾಲು ಬೆಳಕು ಬಿದ್ದಾಗ ಕಿವಿಯ ದೂರಕ್ಕೆ ಸಿಕ್ಕೋದು 44 ಮಾತ್ರ. ಎರಡು ಅಡಿಯಲ್ಲಿದ್ದರೆ 64. ಆರು ಅಡಿಗೆ ಹೋದರೆ 85. ಅದೇ ಮುಖ, ಅದೇ ಬಲ್ಬು! ಹತ್ತಿರದ ದೀಪ ಮುಖದ ಮೇಲೇ ಇಳಿಜಾರು ಮಾಡುತ್ತೆ. ಒಂದು ಕಡೆ ಬೆಳದಿಂಗಳು, ಇನ್ನೊಂದು ಕಡೆ ಕತ್ತಲು. ದೂರದ ದೀಪ ಎರಡೂ ಕಡೆಗೆ ಹೆಚ್ಚುಕಮ್ಮಿ ಸಮ ಹಂಚುತ್ತೆ. ಖಳನಾಯಕ ಮೇಜಿನ ಮೇಲಿನ ದೀಪಕ್ಕೆ ಬಗ್ಗಿ ಪಿತೂರಿ ಮಾಡೋ ದೃಶ್ಯದಲ್ಲಿ ಅರ್ಧ ಮುಖ ಯಾಕೆ ಮುಳುಗಿಹೋಗುತ್ತೆ ಅಂತ ಈಗ ತಿಳಿಯಿತಲ್ಲ?

ಹಿಂದಿನ ಗೋಡೆಗೂ ಇದೇ ಲೆಕ್ಕ. ಮಾಸ್ತರು ನನ್ನನ್ನು ದೀಪದಿಂದ ಮೂರು ಅಡಿಗೆ ಕೂರಿಸಿದರು, ಗೋಡೆ ಒಂಬತ್ತು ಅಡಿ. ಮೂರು ಪಟ್ಟು ದೂರ, ಗೋಡೆಗೆ ಬಿದ್ದದ್ದು ಒಂಬತ್ತರಲ್ಲಿ ಒಂದು ಪಾಲು. ಸುಣ್ಣ ಬಳಿದ ಗೋಡೆ ಫೋಟೋದಲ್ಲಿ ಮಬ್ಬುಗತ್ತಲೆಗೆ ಇಳಿಯಿತು. ಅದೇ ನನ್ನನ್ನೂ ಗೋಡೆ ಹತ್ತಿರಕ್ಕೇ ತಳ್ಳಿ ದೀಪವನ್ನು ದೂರ ಇಟ್ಟಿದ್ದರೆ, ಗೋಡೆಯೂ ನಾನೂ ಒಂದೇ ಸಮ ಬೆಳಗುತ್ತಿದ್ದೆವು. ಗುರುತಿನ ಚೀಟಿಯ ಫೋಟೋ!

ಪಂಚೆಯ ಪವಾಡ

ಇನ್ನು ನನ್ನ ಕುಳಿಗಳ ಮಾತು. ಮಾಸ್ತರು ಮರದ ಚೌಕಟ್ಟಿಗೆ ಒಂದು ಬಿಳಿ ಪಂಚೆ ಬಿಗಿದರು, ಮೂರು ಅಡಿ ಅಗಲ, ಮೂರು ಅಡಿ ಎತ್ತರ. ಬಲ್ಬನ್ನು ಅದರ ಹಿಂದೆ ಎರಡು ಅಡಿ ಬಿಟ್ಟು ಇಟ್ಟರು. ಇನ್ನೂ ಹತ್ತಿರ ಇಟ್ಟರೆ ಪಂಚೆಗೆ ಬೆಂಕಿ, ಹುಷಾರು! ಆಮೇಲೆ ಚೌಕಟ್ಟನ್ನು ನನ್ನ ಕೆನ್ನೆಯಿಂದ ಮೂರೇ ಗಂಟಿನ ದೂರಕ್ಕೆ ತಂದರು. ನಾನು ಮುಖ ಹಿಂದಕ್ಕೆಳೆದೆ. ಎಂಟು ಅಡಿಯ ದೀಪವೇ ಕುಳಿಯನ್ನೆಲ್ಲ ಬಾವಿ ಮಾಡಿದ್ದರೆ ಮೂರು ಅಡಿಯದು ಏನು ಮಾಡೀತೋ ಅಂತ ಭಯ.

ಆಗಿದ್ದು ತಿರುವುಮುರುವು. ಸಣ್ಣ ದೀಪ ದೂರದಲ್ಲಿದ್ದರೆ ಬೆಳಕು ಒಂದೇ ದಿಕ್ಕಿನಿಂದ ಬಂದು ಕುಳಿಯ ಒಂದು ಅಂಚಿಗೆ ಹೊಡೆಯುತ್ತೆ, ಇನ್ನೊಂದು ಅಂಚು ಕಪ್ಪಾಗುತ್ತೆ. ನೆರಳಿಗೆ ಕತ್ತರಿಯಲ್ಲಿ ಕತ್ತರಿಸಿದ ಅಂಚು. ದೊಡ್ಡ ಪಂಚೆ ಹತ್ತಿರ ಬಂದರೆ? ಅದರ ಮೇಲಿನ ಮೂಲೆಯಿಂದ ಒಂದಿಷ್ಟು, ಕೆಳಗಿನ ಮೂಲೆಯಿಂದ ಒಂದಿಷ್ಟು, ಪಕ್ಕದಿಂದ ಒಂದಿಷ್ಟು ಬೆಳಕು ಬಂದು ಕುಳಿಯ ಒಳಕ್ಕೂ ಇಳಿಯುತ್ತೆ. ನೆರಳಿನ ಅಂಚು ಕರಗುತ್ತೆ. ಅದೇ ಪಂಚೆಯನ್ನು ಇಪ್ಪತ್ತು ಅಡಿ ದೂರ ಒಯ್ಯಿರಿ, ಅದೂ ಮುಖದ ಪಾಲಿಗೆ ಒಂದು ಸಣ್ಣ ದೀಪ. ಮತ್ತೆ ಗಡಸು!

ಒಂದು ಮಾತು: ನಾಲ್ಕು ಪಾಲು, ಒಂಬತ್ತು ಪಾಲು ಲೆಕ್ಕ ಸಣ್ಣ ಬಲ್ಬಿಗೆ ಸರಿಯಾಗಿ ಹೊಂದುತ್ತೆ. ಪಂಚೆಯಂಥ ಅಗಲದ ದೀಪವನ್ನು ಹತ್ತಿರ ಇಟ್ಟಾಗ ಬೆಳಕು ಅಷ್ಟು ಬೇಗ ಇಳಿಯೋದಿಲ್ಲ, ಲೆಕ್ಕ ಸ್ವಲ್ಪ ಸಡಿಲ. ಆದರೂ ಆ ಕಡೆಯ ಕೆನ್ನೆ ಕಪ್ಪಾಗಬಾರದು ಅಂತ ಮಾಸ್ತರು ನಮ್ಮ ಸೋದರಮಾವನ ಹೆಗಲ ಮೇಲಿನ ಬಿಳಿ ಟವೆಲ್ಲನ್ನೇ ಕೇಳಿ ಪಡೆದು, ಅವನ ಕೈಯಲ್ಲೇ ಹಿಡಿಸಿದರು!

ಸೂರ್ಯನೂ ಒಂದು ಸಣ್ಣ ದೀಪ

“ಹಂಗಾದರೆ ನಮ್ಮೂರ ಬಿಸಿಲಿಗೆ ನನ್ನ ಮುಖ ಕೆಟ್ಟದಾಗಿ ಕಾಣೋದು ಯಾಕ್ರಿ ಮಾಸ್ತರೇ? ಸೂರ್ಯ ದೊಡ್ಡೋನಲ್ವಾ?” ಅಂದೆ. ದೊಡ್ಡವನೇ, ಸುಮಾರು 14 ಲಕ್ಷ ಕಿಲೋಮೀಟರ್ ಅಗಲ. ಆದರೆ ಇರೋದು 15 ಕೋಟಿ ಕಿಲೋಮೀಟರ್ ದೂರ! ಕೈ ಚಾಚಿ ಕಿರುಬೆರಳು ಅಡ್ಡ ಹಿಡಿದರೆ ಮುಚ್ಚಿಹೋಗುತ್ತಾನೆ. ಅದಕ್ಕೇ ಬಿಸಿಲಿನ ನೆರಳು ಗಡಸು. ಮೋಡ ಅಡ್ಡ ಬಂತೋ, ಆಕಾಶವೇ ಪಂಚೆ.

ಆದರೆ ಆ ದೂರಕ್ಕೂ ಒಂದು ಗುಣ ಇದೆ. 15 ಕೋಟಿ ಕಿಲೋಮೀಟರ್ ಬಂದ ಬೆಳಕಿಗೆ ಇನ್ನು ಹತ್ತು ಅಡಿ, ಇಪ್ಪತ್ತು ಅಡಿ ಯಾವ ಲೆಕ್ಕ? ಹತ್ತಿರ ನಿಂತವನಿಗೂ ದೂರ ನಿಂತವನಿಗೂ ಒಂದೇ ಸಮ. ಕಿರಣಗಳು ಹೆಚ್ಚುಕಮ್ಮಿ ಸಾಲುಗಟ್ಟಿ ಬರುತ್ತವೆ.

ಈ ಗುಣವನ್ನು ಹಿಡಿದು ತೆರೆಯ ಮೇಲೆ ತಂದವರು ನಮ್ಮ ಮೈಸೂರಿನವರು, ವಿ. ಕೆ. ಮೂರ್ತಿ! ಬೆಂಗಳೂರಿನ ಈಗಿನ ಎಸ್. ಜೆ. ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಮುಂಬಯಿಗೆ ಹೋಗಿ ಗುರುದತ್ತರ ಕಣ್ಣಾದವರು. 1959ರ ‘ಕಾಗಜ್ ಕೆ ಫೂಲ್’, ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರಲ್ಲಿ ಗೀತಾ ದತ್ ಹಾಡಿರೋ ಹಾಡಿನಲ್ಲಿ ಖಾಲಿ ಸ್ಟುಡಿಯೋ, ಗುರುದತ್, ವಹೀದಾ ರೆಹಮಾನ್, ಮೇಲಿನಿಂದ ಇಳಿದು ಬಂದ ಒಂದು ಬೆಳಕಿನ ಕಂಬ. ನೋಡಿದವರು ಮರೆತಿಲ್ಲ. ಆ ಕಂಬ ಸ್ಟುಡಿಯೋ ದೀಪದ್ದಲ್ಲ. ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ತಿರುಗಿಸಿ ಒಳಗೆ ಇಳಿಸಿದ್ದು! ಸಾಧಾರಣ ಸ್ಟುಡಿಯೋ ದೀಪ ಕೆಳಗಿಳಿದಂತೆ ಹರಡಿ ತೆಳ್ಳಗಾಗುತ್ತೆ. ಕನ್ನಡಿಯಿಂದ ಬಂದ ಬಿಸಿಲು ಹಾಗೆ ಚದುರದೆ ನೆಟ್ಟಗೆ ನಿಂತಿತು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮೂರ್ತಿಯವರಿಗೆ ಬಂತು. ಆ ಗೌರವ ಪಡೆದ ಮೊದಲ ಛಾಯಾಗ್ರಾಹಕ ಅವರೇ. 1993ರಲ್ಲಿ ರಾಜೇಂದ್ರಸಿಂಗ್ ಬಾಬು ನಿರ್ದೇಶಿಸಿದ ಕನ್ನಡದ ‘ಹೂವು ಹಣ್ಣು’ ಚಿತ್ರಕ್ಕೂ ಅವರದೇ ಕ್ಯಾಮೆರಾ. 2014ರಲ್ಲಿ ತೀರಿಕೊಂಡರು.

ಹಾಗಾಗಿ ಹತ್ತಿರವೇ ಒಳ್ಳೇದು, ದೂರ ಕೆಟ್ಟದ್ದು ಅಂತ ತಿಳೀಬೇಡಿ. ಯಾವ ಮುಖಕ್ಕೆ, ಯಾವ ಮಾತಿಗೆ ಎಷ್ಟು ಅಡಿ ಅನ್ನೋದೇ ವಿದ್ಯೆ.

ನೀವೇ ನೋಡಿ ಸ್ವಾಮಿ!

ಈಗ ಎಲ್ಲರ ಜೇಬಿನಲ್ಲೂ ಕ್ಯಾಮೆರಾ. ರಾತ್ರಿ ಕೋಣೆಯಲ್ಲಿ ಒಂದೇ ಬಲ್ಬು ಹಚ್ಚಿ. ಗೆಳೆಯನನ್ನು ಅದರಿಂದ ಎರಡು ಅಡಿಗೆ ಕೂರಿಸಿ ಒಂದು ಫೋಟೋ, ಎಂಟು ಅಡಿಗೆ ಕೂರಿಸಿ ಇನ್ನೊಂದು. ಮೊಬೈಲ್ ತಾನಾಗೇ ಬೆಳಕು ಸರಿಮಾಡಿಕೊಳ್ಳುತ್ತೆ, ಮೋಸ ಹೋಗಬೇಡಿ. ಎರಡು ಕೆನ್ನೆಗಳ ನಡುವಿನ ವ್ಯತ್ಯಾಸ ನೋಡಿ, ಹಿಂದಿನ ಗೋಡೆ ನೋಡಿ. ಹಗಲಾದರೆ ನೇರ ಬಿಸಿಲು ಬೀಳದ ಕಿಟಕಿಯೇ ಸಾಕು. ಮೂರು ಅಡಿಯಲ್ಲೊಮ್ಮೆ, ಹತ್ತು ಅಡಿಯಲ್ಲೊಮ್ಮೆ.

ಇನ್ನೊಂದು ಗುಟ್ಟು. ಮುಂದಿನ ಸಲ ನಿಮ್ಮ ನಾಯಕಿಯ ಬಣ್ಣದ ಸ್ಟಿಲ್ ಸಿಕ್ಕಾಗ ಅವಳ ಕಣ್ಣಿನ ಕಪ್ಪಿನಲ್ಲಿ ಕೂತಿರೋ ಬಿಳಿ ಗುರುತು ನೋಡಿ. ಸೂಜಿಮೊನೆಯಷ್ಟಿದ್ದರೆ ದೀಪ ಸಣ್ಣದು, ಇಲ್ಲವೇ ದೂರ. ಕಿಟಕಿಯ ಹಾಗೆ ಅಗಲವಾಗಿದ್ದರೆ ದೊಡ್ಡ ದೀಪ ಹತ್ತಿರದಲ್ಲೇ ಇತ್ತು!

ನನ್ನ ಕತೆ ಮುಗಿಸುತ್ತೇನೆ. ಮಾಸ್ತರು ತೆಗೆದ ಫೋಟೋದಲ್ಲಿ ಪೆನ್ಸಿಲ್ ಒಂದು ಗೀರೂ ಇರಲಿಲ್ಲ. ಕುಳಿಗಳು ಇದ್ದವು, ಕಾಣುತ್ತಿದ್ದವು. ಆದರೆ ಮೊದಲು ಕಾಣುತ್ತಿದ್ದದ್ದು ನಾನು. ಸಿನಿಮಾ ಕಂಪನಿಗೆ ಇದನ್ನೂ ಕಳಿಸಿದೆ. ಉತ್ತರ ಇವತ್ತಿಗೂ ಬಂದಿಲ್ಲ. ಇನ್ನೊಂದು ಪ್ರತಿ ಇನ್ನೊಂದು ಹೆಣ್ಣಿನ ಮನೆಗೆ ಹೋಯಿತು. ಮತ್ತೆ ಚಾಪೆ, ಮತ್ತೆ ಉಪ್ಪಿಟ್ಟು. ಹುಡುಗಿಯ ತಂದೆ ಫೋಟೋ ನೋಡಿದರು, ನನ್ನ ನೋಡಿದರು. ನನ್ನ ಎದೆ ಡವಡವ. ಅವರು ಫೋಟೋವನ್ನು ಅಂಗಿ ಜೇಬಿಗೆ ಹಾಕಿಕೊಂಡು ಕೇಳಿದರು:

“ಈ ಸಲ ನಿಮ್ಮ ಜಗಳೂರು ಕಡೆ ಮಳೆ ಹೆಂಗೈತ್ರಿ?”

1981ರಲ್ಲಿ ಮದುವೆಯಾಯಿತು. ಮಾಸ್ತರ ಹತ್ತಿರ ಎರಡು ವರ್ಷ ಕೆಲಸ ಕಲಿತು ಊರಿಗೆ ಬಂದು ನಾನೂ ಒಂದು ಸಣ್ಣ ಸ್ಟುಡಿಯೋ ಹಾಕಿದೆ. ಈಗಲೂ ಹುಡುಗರು ಬಂದು, “ಅಂಕಲ್, ಮೊಡವೆ ಎಲ್ಲ ಕಂಪ್ಯೂಟರ್‌ನಾಗ ತೆಗೆದುಬಿಡ್ರಿ” ಅಂತಾರೆ. ತೆಗೀತೀನಿ ತಡೀರಪ್ಪ ಅಂತ ಹೇಳಿ, ಮೊದಲು ಗೋಡೆಯ ಮೊಳೆಯಿಂದ ಗಂಟಿನ ಹಗ್ಗ ತೆಗೀತೀನಿ.