ಒಳಾಂಗಣ ಸೈಕಲ್ ಸವಾರಿಯಲ್ಲಿ ವೇಗದ ವ್ಯತ್ಯಾಸ

ಒಳಾಂಗಣ ಸೈಕಲ್ ಸವಾರಿಯಲ್ಲಿ ಟ್ರೈನರ್ ಉಪಕರಣವು ಸೂಚಿಸುವ ವೇಗಕ್ಕೂ ತರಬೇತಿ ಆ್ಯಪ್ ತೋರಿಸುವ ವೇಗಕ್ಕೂ ವ್ಯತ್ಯಾಸವಿರುವುದು ಸಾಮಾನ್ಯ. ಇದು ಬಹುಮಟ್ಟಿಗೆ ಉಪಕರಣದ ದೋಷವಲ್ಲ. ಮೊದಲನೆಯದು ಚಕ್ರದ ಸುತ್ತುಗಳನ್ನು ಎಣಿಸಿ ಪಡೆದ ವೇಗ; ಎರಡನೆಯದು ಸವಾರನು ವ್ಯಯಿಸುವ ಸಾಮರ್ಥ್ಯದಿಂದ ಗಣಿಸಿದ ಕಾಲ್ಪನಿಕ ವೇಗ.

ಟ್ರೈನರ್‌ನ ವೇಗ

ಟ್ರೈನರ್ ಎಂಬುದು ಸೈಕಲನ್ನು ಒಂದೇ ಸ್ಥಳದಲ್ಲಿ ನಿಲ್ಲಿಸಿ ತುಳಿಯಲು ನೆರವಾಗುವ ಸಾಧನ. ಕೆಲವು ಬಗೆಗಳಲ್ಲಿ ಹಿಂದಿನ ಚಕ್ರವು ಉರುಳೆಯೊಂದಕ್ಕೆ ತಾಗಿ ತಿರುಗುತ್ತದೆ. ಇನ್ನು ಕೆಲವುಗಳಲ್ಲಿ ಆ ಚಕ್ರವನ್ನು ಕಳಚಿ, ಸರಪಳಿಯನ್ನು ನೇರವಾಗಿ ಟ್ರೈನರ್‌ಗೆ ಜೋಡಿಸಲಾಗುತ್ತದೆ. ಎರಡರಲ್ಲೂ ವೇಗವು ಸುತ್ತುಗಳ ಸಂಖ್ಯೆಯನ್ನೂ ಚಕ್ರದ ಪರಿಧಿಯನ್ನೂ ಅವಲಂಬಿಸಿರುತ್ತದೆ. 700×25 ಅಳತೆಯ ಟೈರಿನ ಪರಿಧಿ ಸುಮಾರು 2.1 ಮೀಟರ್. ಈ ಅಂಕಿಯನ್ನು ತಪ್ಪಾಗಿ ನಮೂದಿಸಿದರೆ ವೇಗವೂ ತಪ್ಪಾಗುತ್ತದೆ. ರಸ್ತೆಯ ಏರು, ಎದುರುಗಾಳಿ ಹಾಗೂ ಸವಾರನ ತೂಕ ಈ ಲೆಕ್ಕದಲ್ಲಿ ಸೇರುವುದಿಲ್ಲ.

ಆ್ಯಪ್‌ನ ವೇಗ

ಝ್ವಿಫ್ಟ್‌ನಂತಹ ಆ್ಯಪ್‌ಗಳು ಟ್ರೈನರ್‌ನಿಂದ ಸಾಮರ್ಥ್ಯವನ್ನು ವ್ಯಾಟ್‌ಗಳಲ್ಲಿ ಪಡೆದು, ಗಾಳಿಯ ಪ್ರತಿರೋಧ, ಟೈರಿನ ಘರ್ಷಣೆ, ಗುರುತ್ವ ಹಾಗೂ ಒಟ್ಟು ತೂಕಗಳನ್ನು ಪರಿಗಣಿಸಿ ವೇಗವನ್ನು ನಿರ್ಣಯಿಸುತ್ತವೆ. ಉದಾಹರಣೆಗೆ, 75 ಕಿಲೋಗ್ರಾಂ ತೂಕದ ಸವಾರನು 200 ವ್ಯಾಟ್ ಸಾಮರ್ಥ್ಯದಿಂದ ತುಳಿದರೆ ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ ಸುಮಾರು 33 ಕಿಲೋಮೀಟರ್ ಸಾಗಬಲ್ಲನು. ಶೇಕಡ 5ರ ಏರಿನಲ್ಲಿ ಅದೇ ಶ್ರಮಕ್ಕೆ ವೇಗವು ಸುಮಾರು 15 ಕಿಲೋಮೀಟರಿಗೆ ಇಳಿಯುತ್ತದೆ. ಪರದೆಯ ಮೇಲಿನ ಇಳಿಜಾರಿನಲ್ಲಿ ತುಳಿಯುವುದನ್ನು ನಿಲ್ಲಿಸಿದರೂ ಆ್ಯಪ್‌ನ ಸೈಕಲ್ ಓಡುತ್ತಲೇ ಇರುತ್ತದೆ. ಆದರೆ ಟ್ರೈನರ್ ನಿಧಾನವಾಗಿ ನಿಂತುಬಿಡುತ್ತದೆ.

ಗೇರಿನ ಪ್ರಭಾವ

ಎರ್ಗ್ ಎಂಬ ವಿಧಾನದಲ್ಲಿ ಟ್ರೈನರ್ ತನ್ನ ಪ್ರತಿರೋಧವನ್ನು ತಾನೇ ಹೊಂದಿಸಿಕೊಂಡು ನಿಗದಿತ ವ್ಯಾಟ್‌ಗಳನ್ನು ಕಾಯ್ದುಕೊಳ್ಳುತ್ತದೆ. ತುಳಿಯುವ ಗತಿಯನ್ನು ಬದಲಿಸದೆ ಭಾರವಾದ ಗೇರಿಗೆ ಹೋದರೆ ಚಕ್ರವು ಹೆಚ್ಚು ವೇಗವಾಗಿ ತಿರುಗುತ್ತದೆ. ಆದರೆ ಸಾಮರ್ಥ್ಯ ಬದಲಾಗದಿರುವುದರಿಂದ ಆ್ಯಪ್‌ನ ವೇಗವು ಹಾಗೆಯೇ ಉಳಿಯುತ್ತದೆ.

ಮಹತ್ವ

ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು 2020ರ ಡಿಸೆಂಬರ್‌ನಲ್ಲಿ ಝ್ವಿಫ್ಟ್ ವೇದಿಕೆಯಲ್ಲಿ ಮೊದಲ ಇ-ಸ್ಪೋರ್ಟ್ಸ್ ವಿಶ್ವ ಚಾಂಪಿಯನ್‌ಷಿಪ್ ನಡೆಸಿತು. ಜರ್ಮನಿಯ ಜೇಸನ್ ಆಸ್ಬೋರ್ನ್ ಮತ್ತು ದಕ್ಷಿಣ ಆಫ್ರಿಕದ ಆ್ಯಶ್ಲೀ ಮೂಲ್ಮನ್ ಪಾಸಿಯೊ ವಿಜೇತರಾದರು. ಇಂತಹ ಸ್ಪರ್ಧೆಗಳ ಫಲಿತಾಂಶವನ್ನು ನಿರ್ಧರಿಸುವುದು ಗಣಿತ ವೇಗವೇ. ಆದ್ದರಿಂದ ತೂಕವನ್ನು ಕಡಿಮೆಯಾಗಿ ನಮೂದಿಸಿದ ಸವಾರನಿಗೆ ಏರುಗಳಲ್ಲಿ ಅನ್ಯಾಯದ ಲಾಭ ದೊರೆಯುತ್ತದೆ. ಸ್ವಂತ ಪ್ರಗತಿಯನ್ನು ಅಳೆಯುವವರಿಗೆ ಎರಡೂ ವೇಗಗಳಿಗಿಂತ ವ್ಯಾಟ್, ಹೃದಯಬಡಿತ ಹಾಗೂ ಅವಧಿಗಳೇ ಹೆಚ್ಚು ವಿಶ್ವಾಸಾರ್ಹ ಮಾನದಂಡಗಳು.