ಪ್ಲಗ್ ಉಜ್ಜಿದರೆ ಜಾವಾ ಓಡುವುದು ಹೇಗೆ?

ಪ್ರಶ್ನೆ: ಸೋಲಾಪುರ–ಹೈದರಾಬಾದ್ ಹೆದ್ದಾರಿಯಲ್ಲಿ ಹಳೆಯ ಜಾವಾ, ಯೆಜ್ಡಿಗಳು ಗುಂಪಾಗಿ ಹೋಗುತ್ತವೆ. ಒಂದು ಕೈಕೊಟ್ಟರೆ ಸವಾರರು ಮೊದಲು ಪ್ಲಗ್ಗನ್ನೇ ಬಿಚ್ಚಿ ಉಜ್ಜುವುದೇಕೆ?
— ಓದುಗರೊಬ್ಬರು, ಉಮರ್ಗಾ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಈ ಬೈಕುಗಳದ್ದು ಟೂ ಸ್ಟ್ರೋಕ್ ಎಂಜಿನ್. ಬಹುತೇಕ ಮಾಡೆಲ್‌ಗಳಲ್ಲಿ ಪೆಟ್ರೋಲಿಗೇ ಆಯಿಲ್ ಬೆರೆಸಬೇಕು. ಆ ಆಯಿಲ್ ಪೂರ್ತಿ ಉರಿಯುವುದಿಲ್ಲ. ಉಳಿದದ್ದು ಮಸಿಯಾಗಿ ಪ್ಲಗ್ಗಿನ ತುದಿಯ ಪಿಂಗಾಣಿಗೆ ಮೆತ್ತಿಕೊಳ್ಳುತ್ತದೆ.

ಮಸಿ ಎಂದರೆ ಇಂಗಾಲ, ವಿದ್ಯುತ್ ಅದರ ಮೇಲೆ ಹರಿಯುತ್ತದೆ. ಕಾಯಿಲ್‌ನಿಂದ ಬಂದ ಸಾವಿರಾರು ವೋಲ್ಟ್ ಪ್ಲಗ್ಗಿನ ಕಿರುಸಂದಿಯನ್ನು ಜಿಗಿದರೆ ತಾನೆ ಕಿಡಿ? ಬದು ಒಡೆದ ಕಾಲುವೆಯ ನೀರು ಕೊನೆಯ ಗದ್ದೆ ಮುಟ್ಟದಂತೆ, ವಿದ್ಯುತ್ತು ಮಸಿಯ ದಾರಿ ಹಿಡಿದು ಸೋರಿಹೋಗುತ್ತದೆ. ಉಪ್ಪುಕಾಗದದಿಂದ ಉಜ್ಜಿದಾಗ ಸೋರಿಕೆ ನಿಂತು ಕಿಡಿ ಮರಳುತ್ತದೆ.

ಗುಂಪಿನ ಸವಾರಿಯಲ್ಲಿ ಈ ಕಾಟ ಹೆಚ್ಚು. ಹಿಂದುಳಿದವರಿಗಾಗಿ ಎಲ್ಲರೂ ನಿಧಾನವಾಗಿ ಹೋದರೆ, ಮಸಿ ಸುಟ್ಟುಹೋಗುವಷ್ಟು ಪ್ಲಗ್ ಬಿಸಿಯಾಗುವುದೇ ಇಲ್ಲ. ಸ್ನೇಹಕ್ಕೆ ತೆರಬೇಕಾದ ಸುಂಕ ಎನ್ನಿ! ಆದರೆ ಮದ್ದೂ ಗುಂಪಿನಲ್ಲೇ ಇದೆ: ಒಂದೇ ಜಾತಿಯ ಬೈಕುಗಳಾದ್ದರಿಂದ ಒಬ್ಬರ ಜೇಬಿನ ಪ್ಲಗ್ ಇನ್ನೊಬ್ಬರ ಎಂಜಿನ್‌ಗೆ ಸರಿಹೊಂದುತ್ತದೆ. ಪ್ಲಗ್ ಬಿಚ್ಚುವ ಮುನ್ನ ಎಂಜಿನ್ ತಣ್ಣಗಾಗುವವರೆಗೆ ಚಹಾ ಕುಡಿಯುವುದು ಜಾಣತನ. ಬಿಸಿ ಅಲ್ಯುಮಿನಿಯಂ ಹೆಡ್ಡಿನಲ್ಲಿ ಪ್ಲಗ್ ತಿರುವಿದರೆ ಮರೆ (ಥ್ರೆಡ್) ಕಿತ್ತುಬರಬಹುದು.