ಹಳೆಯ ಕಾಂಟೆಸಾ, ಹೊಸ ಟರ್ಬೊ

೧೯೪೮ರವರೆಗೆ ಸಂಸ್ಥಾನವಾಗಿದ್ದ ಭೋರ್, ಪುಣೆಯ ದಕ್ಷಿಣಕ್ಕಿರುವುದನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಅಲ್ಲಿಂದ ನೀರಾ ದೇವಘರ್ ಜಲಾಶಯದ ಅಂಚಿನಲ್ಲಿ ಸಾಗಿ, ವರಂಧಾ ಘಾಟನ್ನು ಇಳಿದು ಮಹಾಡಕ್ಕೆ ಹೋಗುವ ದಾರಿಯಿದೆ. ಮಳೆಗಾಲದಲ್ಲಿ ದರೆ ಕುಸಿದು ಅದು ಮುಚ್ಚುವುದುಂಟು. ಉಳಿದ ದಿನಗಳಲ್ಲಿ ಮೋಟಾರಿಗೆ ಅದಕ್ಕಿಂತ ಒಳ್ಳೆಯ ಒರೆಗಲ್ಲು ಬೇಡ. ಕಳೆದ ಚಳಿಗಾಲದಲ್ಲಿ ನಾವು ಅಲ್ಲಿಗೆ ಎರಡು ಕಾರುಗಳೊಡನೆ ಹೊರಟೆವು. ಒಂದು ನಮ್ಮ ಹಳೆಯ ಕಾಂಟೆಸಾ, ಇನ್ನೊಂದು ಮಗ ಕೊಂಡ ಟರ್ಬೊ ಪೆಟ್ರೋಲಿನ ನೆಕ್ಸಾನ್. ಹಳೆಯದನ್ನು ಇಟ್ಟುಕೊಳ್ಳಬೇಕೆ, ಕೊಟ್ಟುಬಿಡಬೇಕೆ ಎಂಬ ಮನೆಯ ವಾದ ತೀರಬೇಕಾಗಿತ್ತು.

ದೊಡ್ಡ ಯಂತ್ರಕ್ಕೆ ದೊಡ್ಡ ಬಲ ಎಂಬುದು ಹಳೆಯ ನಂಬಿಕೆ. ಅಮೆರಿಕದವರು ೧೯೬೪ರಲ್ಲಿ ಪಾಂಟಿಯಾಕ್ ಜಿಟಿಒ ಕಾರಿಗೆ ೬.೪ ಲೀಟರಿನ ಎಂಟು ಸಿಲಿಂಡರ್ ಯಂತ್ರವನ್ನೇ ಕೂಡಿಸಿದರು. ಇಂಥವಕ್ಕೆ ಮಸಲ್ ಕಾರು ಎಂದು ಹೆಸರಾಯಿತು. ನಮ್ಮಲ್ಲಿ ಆ ಠೀವಿ ತೋರಿದ್ದು ಕಾಂಟೆಸಾ. ೧೯೭೦ರ ದಶಕದ ಇಂಗ್ಲಿಷ್ ವಾಕ್ಸ್‌ಹಾಲ್ ಗಾಡಿಯ ಅಚ್ಚಿನಲ್ಲಿ ಹಿಂದುಸ್ತಾನ್ ಮೋಟರ್ಸ್ ಇದನ್ನು ೧೯೮೪ರಿಂದ ಕಟ್ಟಿತು. ಮೈಕಟ್ಟೇನೋ ಪೈಲ್ವಾನನದು, ಎದೆಯೊಳಗೆ ಮಾತ್ರ ಮೊದಲು ಅಂಬಾಸಡರಿನ ೧,೪೮೯ ಸಿ.ಸಿ. ಯಂತ್ರವೇ! ಮುಂದೆ ೧,೮೧೭ ಸಿ.ಸಿ.ಯ ಇಸುಜು ಯಂತ್ರ ಬಂದು, ಸುಮಾರು ೮೮ ಅಶ್ವಶಕ್ತಿ ದೊರೆತ ಮೇಲೆ ರೂಪಕ್ಕೆ ತಕ್ಕ ಬಲ ಕೂಡಿತು. ನಮ್ಮದು ಆ ಬಗೆಯದು.

ನೆಕ್ಸಾನಿನ ಯಂತ್ರವಾದರೋ ೧,೧೯೯ ಸಿ.ಸಿ.; ಸಿಲಿಂಡರುಗಳು ಮೂರೇ. ಬಲ ಮಾತ್ರ ಸುಮಾರು ೧೨೦ ಅಶ್ವಶಕ್ತಿ. ಇದೇನು ಕಣ್ಕಟ್ಟೆ? ಅಲ್ಲ. ನಮ್ಮ ತಾಯಂದಿರು ಊದುಗೊಳವೆಯಿಂದ ಒಲೆ ಊದುತ್ತಿದ್ದುದನ್ನು ನೆನೆಯಿರಿ. ಯಂತ್ರದಿಂದ ಹೊರಹೋಗುವ ಹೊಗೆಯೇ ಇಲ್ಲಿ ಪುಟ್ಟ ಚಕ್ರವೊಂದನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಗಾಳಿ ಹೆಚ್ಚಿದರೆ ಉರಿಯುವ ಪೆಟ್ರೋಲೂ ಹೆಚ್ಚು, ಬಲವೂ ಹೆಚ್ಚು.

ಘಾಟು ಇಳಿಯುವಾಗ ಕಾಂಟೆಸಾ ನಡೆಸುತ್ತಿದ್ದ ನಮ್ಮ ಕೈ ಕೀಲಿಯತ್ತ ಹೋಯಿತು. ಇಳಿಜಾರಿನಲ್ಲಿ ಯಂತ್ರ ನಿಲ್ಲಿಸಿ ಪೆಟ್ರೋಲು ಉಳಿಸುವುದು ನಮ್ಮ ಕಾಲದ ಚಟ. ಹಾಗೆ ಮಾಡಿದರೆ ಬ್ರೇಕಿಗೆ ಯಂತ್ರದ ನೆರವು ತಪ್ಪುತ್ತದೆ. ಕಾರು ಹಳೆಯದಿರಲಿ ಹೊಸದಿರಲಿ, ಕೆಳಗಿನ ಗೇರಿನಲ್ಲಿ ಇಳಿಯುವುದೇ ಕ್ಷೇಮ.

ಮರಳಿ ಏರುವಾಗ ನಾವು ನೆಕ್ಸಾನಿನಲ್ಲಿ ಕುಳಿತೆವು. ಕಾಂಟೆಸಾ ಎತ್ತಿನಂತೆ ಒಂದೇ ಸಮನೆ ಎಳೆಯುತ್ತ ಬಂತು. ನೆಕ್ಸಾನ್ ತಿರುವುಗಳಲ್ಲಿ ಒಂದು ಗಳಿಗೆ ತಡೆದು, ಟರ್ಬೊ ಉಸಿರು ತುಂಬಿದೊಡನೆ ಚಿಗರೆಯಂತೆ ನೆಗೆದು ಮುಂದಾಯಿತು. ತುದಿ ತಲುಪಿ ಕಾರು ನಿಲ್ಲಿಸಹೋದಾಗ ಮಗ ತಡೆದನು. ಟರ್ಬೊ ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತುತ್ತದೆ. ಎಣ್ಣೆಯೇ ಅದರ ಪ್ರಾಣ. ಕಡಿದಾದ ಏರು ಹತ್ತಿದ ಮೇಲೆ ಒಂದೆರಡು ನಿಮಿಷ ಯಂತ್ರವನ್ನು ಮೆಲ್ಲಗೆ ತಿರುಗಗೊಟ್ಟು ತಣಿಸಬೇಕು. ಕಲಿಸಿದವರೇ ಕಲಿಯಬೇಕಾಯಿತು!

ಬಲದ ಮಾತು ಹಾಗಿರಲಿ. ಮೊಮ್ಮಕ್ಕಳನ್ನು ಕೂರಿಸುವಾಗ ನೋಡಬೇಕಾದದ್ದು ಬೇರೆ. ನೆಕ್ಸಾನ್ ೨೦೧೮ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ ಐದು ನಕ್ಷತ್ರ ಪಡೆಯಿತು. ೨೦೦೨ರಲ್ಲೇ ತಯಾರಿಕೆ ನಿಂತ ಕಾಂಟೆಸಾದಲ್ಲಿ ಗಾಳಿಚೀಲವೂ ಇಲ್ಲ.

ಆದುದರಿಂದ ಮನೆಯ ತೀರ್ಪು ಹೀಗಾಯಿತು: ಘಾಟಿಗೂ ಊರಿನ ದೂರದ ಪಯಣಕ್ಕೂ ಚಿಕ್ಕದು, ಭಾನುವಾರದ ಬೆಳಗ್ಗೆ ಭೋರಿನ ರಾಜವಾಡೆಯವರೆಗೆ ಮೆಲ್ಲನೆ ಹೋಗಿಬರಲು ದೊಡ್ಡದು. ಹಾಸಿಗೆ, ಬುಟ್ಟಿ, ಆರು ಮಂದಿಯನ್ನು ಹೊತ್ತು ನಮ್ಮನ್ನು ಎಷ್ಟೋ ಬಾರಿ ಧಾರವಾಡ ಮುಟ್ಟಿಸಿದ ಗಾಡಿಗೆ ಅಷ್ಟು ವಿಶ್ರಾಂತಿ ಸಲ್ಲಬೇಕಷ್ಟೆ.